ಅಲನ್ ಟ್ಯೂರಿಂಗ್: ಕಿಂಡಿ ಹುಡುಕಿದವರು

ಕಂಪ್ಯೂಟರ್ ಸೈನ್ಸ್ ಓದುವ ನಮಗೆಲ್ಲ ಟ್ಯೂರಿಂಗ್ ಅಂದ ಕೂಡಲೇ ನೆನಪಾಗುವುದು ಆಟೋಮೇಟಾ ಥಿಯರಿ ಪೇಪರಿನ ಕೊನೆಯ ಮಾಡ್ಯೂಲ್. ಉದ್ದನೆಯ ಟೇಪು, ಅದರ ಮೇಲೆ ಎಡಕ್ಕೂ ಬಲಕ್ಕೂ ಓಡಾಡುವ ಒಂದು ಹೆಡ್, ಹತ್ತು ಮಾರ್ಕಿನ ಒಂದು ಪ್ರಶ್ನೆ. ಸಿಲಬಸ್ ಅವರ ಬಗ್ಗೆ ಹೇಳುವುದು ಅಷ್ಟೇ. ಆದರೆ ತಿಂಗಳಿಗೊಮ್ಮೆ ಲ್ಯಾಪ್‌ಟಾಪಿನಲ್ಲಿ ಸೆಕ್ಯೂರಿಟಿ ಅಪ್‌ಡೇಟ್ ಬಂದು ರೀಸ್ಟಾರ್ಟ್ ಮಾಡಿ ಅಂತ ಕಾಡುತ್ತಲ್ಲ, ಅದಕ್ಕೂ ಈ ಮನುಷ್ಯನಿಗೂ ಹತ್ತಿರದ ನಂಟಿದೆ. ನಾವಿಂದು ಬಳಸುವಂಥ ಆಪರೇಟಿಂಗ್ ಸಿಸ್ಟಮ್‌ಗಳು ಹುಟ್ಟುವ ಮೊದಲೇ ಅವರು ತೀರಿಕೊಂಡರು. ಹಾಗಿದ್ದರೂ ಭದ್ರವಾದ ಯಂತ್ರದಲ್ಲಿ ಕಿಂಡಿ ಎಲ್ಲಿರುತ್ತದೆ, ಅದನ್ನು ಮುಚ್ಚುವುದು ಯಾಕೆ ಕಷ್ಟ ಅನ್ನುವ ಎರಡೂ ಪ್ರಶ್ನೆಗಳು ಅವರ ಬದುಕಿನುದ್ದಕ್ಕೂ ಎದುರಾಗುತ್ತಲೇ ಹೋದವು.

ಅಲನ್ ಮ್ಯಾಥಿಸನ್ ಟ್ಯೂರಿಂಗ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ತಂದೆ ಜೂಲಿಯಸ್ ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿ, ಕೆಲಸ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿ. ಆಗ ಆ ಪ್ರೆಸಿಡೆನ್ಸಿಗೆ ಸೇರಿದ್ದ ನಮ್ಮ ಬಳ್ಳಾರಿಯಲ್ಲೂ ಅವರು ಅಸಿಸ್ಟೆಂಟ್ ಕಲೆಕ್ಟರ್ ಆಗಿದ್ದರು. ತಾಯಿ ಎಥೆಲ್ ಸಾರಾ ಹುಟ್ಟಿದ್ದು ಕೊಯಮತ್ತೂರಿನ ಪಕ್ಕದ ಪೋದನೂರಿನಲ್ಲಿ. ಆಕೆಯ ತಂದೆ ಮದ್ರಾಸ್ ರೈಲ್ವೆಯ ಚೀಫ್ ಇಂಜಿನಿಯರ್. ಮಕ್ಕಳನ್ನು ಮಾತ್ರ ಭಾರತಕ್ಕೆ ಕರೆತರಲಿಲ್ಲ. ಅಲನ್ ಮತ್ತು ಅಣ್ಣ ಜಾನ್ ಇಂಗ್ಲೆಂಡಿನಲ್ಲಿ, ನಿವೃತ್ತ ಸೈನ್ಯಾಧಿಕಾರಿಯೊಬ್ಬರ ಮನೆಯಲ್ಲಿ ಬೆಳೆದರು. ಅಪ್ಪ ಅಮ್ಮ ಸಮುದ್ರದಾಚೆ, ಮಕ್ಕಳು ಈಚೆ.

1926ರಲ್ಲಿ ಶೆರ್ಬೋರ್ನ್ ಶಾಲೆಗೆ ಸೇರಬೇಕಾದ ದಿನವೇ ಇಂಗ್ಲೆಂಡಿನಲ್ಲಿ ಸಾರ್ವತ್ರಿಕ ಮುಷ್ಕರ. ರೈಲಿಲ್ಲ. ಹದಿಮೂರು ವರ್ಷದ ಹುಡುಗ ಸೌತಾಂಪ್ಟನ್ನಿನಿಂದ ಸುಮಾರು 60 ಮೈಲಿ ಸೈಕಲ್ ತುಳಿದು, ದಾರಿಯಲ್ಲಿ ಒಂದು ರಾತ್ರಿ ಉಳಿದು, ಶಾಲೆ ತಲುಪಿದ. ಅಲ್ಲಿ ಸಿಕ್ಕ ಗೆಳೆಯ ಕ್ರಿಸ್ಟೋಫರ್ ಮಾರ್ಕಮ್. ಗಣಿತ, ನಕ್ಷತ್ರ, ಕೆಮಿಸ್ಟ್ರಿ ಎಲ್ಲವೂ ಇಬ್ಬರಿಗೂ ಒಂದೇ ಹುಚ್ಚು. 1930ರ ಫೆಬ್ರವರಿಯಲ್ಲಿ ಕ್ಷಯರೋಗದಿಂದ ಕ್ರಿಸ್ಟೋಫರ್ ತೀರಿಕೊಂಡ. ಆ ನೋವು ಟ್ಯೂರಿಂಗ್ ಅವರನ್ನು ಬಹಳ ಕಾಲ ಬಿಡಲಿಲ್ಲ. ಮನುಷ್ಯನ ಮನಸ್ಸು ದೇಹದಲ್ಲಿ ಹೇಗೆ ಕೂತಿರುತ್ತದೆ ಅನ್ನುವ ಪ್ರಶ್ನೆ ಅವರ ತಲೆಗೆ ಹೊಕ್ಕಿದ್ದು ಆ ದಿನಗಳಲ್ಲೇ.

ಎಲ್ಲ ಬಗ್ಗೂ ಒಂದೇ ಮದ್ದು ಯಾಕಿಲ್ಲ?

1931ರಲ್ಲಿ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜು, 1935ರಲ್ಲಿ ಅಲ್ಲೇ ಫೆಲೋ. ವಯಸ್ಸು ಬರೀ 22. ಆಗ ಮ್ಯಾಕ್ಸ್ ನ್ಯೂಮನ್ ಅವರ ಲೆಕ್ಚರುಗಳಲ್ಲಿ ಒಂದು ಪ್ರಶ್ನೆ ಕಿವಿಗೆ ಬಿತ್ತು. ಗಣಿತದ ಯಾವುದೇ ಹೇಳಿಕೆ ಕೊಟ್ಟರೂ ಅದನ್ನು ಸಾಧಿಸಲಾಗುತ್ತದೋ ಇಲ್ಲವೋ ಅಂತ ಯಾಂತ್ರಿಕವಾಗಿ ಹೇಳಿಬಿಡುವ ಒಂದು ವಿಧಾನ ಇದೆಯೇ? ಯಾಂತ್ರಿಕವಾಗಿ ಅಂದರೆ ಏನು ಅಂತ ಮೊದಲು ಗೊತ್ತಾಗಬೇಕಲ್ಲ. ಅದಕ್ಕಾಗಿ ಟ್ಯೂರಿಂಗ್ ಕಾಗದದ ಮೇಲೆ ಒಂದು ಯಂತ್ರವನ್ನೇ ಕಟ್ಟಿದರು. ನಮ್ಮ ಟೇಪು, ಹೆಡ್ಡು ಬಂದಿದ್ದು ಅಲ್ಲಿಂದ. 1936ರ ಆ ಪ್ರಬಂಧದ ಉತ್ತರ: ಇಲ್ಲ, ಅಂಥ ವಿಧಾನ ಸಾಧ್ಯವೇ ಇಲ್ಲ.

ಇಂದು ನಾವು ಹಾಲ್ಟಿಂಗ್ ಪ್ರಾಬ್ಲಮ್ ಅಂತ ಓದುವುದು ಈ ಪ್ರಬಂಧದ ವಿಚಾರವನ್ನೇ. ಅದನ್ನು ಸೆಕ್ಯೂರಿಟಿಯ ಭಾಷೆಗೆ ತಂದು ನೋಡೋಣ. ಯಾವ ಪ್ರೋಗ್ರಾಮನ್ನು ಕೊಟ್ಟರೂ ಇದು ಕೇಡು ಮಾಡುತ್ತೆ, ಇದು ಮಾಡಲ್ಲ ಅಂತ ಒಮ್ಮೆಯೂ ತಪ್ಪದೆ ಹೇಳುವ ಒಂದು ಪರೀಕ್ಷಕ ಸಾಫ್ಟ್‌ವೇರ್ ಇದೆ ಅಂದುಕೊಳ್ಳಿ. ಈಗ ಒಬ್ಬ ಕಿಲಾಡಿ ಒಂದು ಪ್ರೋಗ್ರಾಮ್ ಬರೆಯುತ್ತಾನೆ. ಅದು ಮೊದಲು ಆ ಪರೀಕ್ಷಕನನ್ನೇ ಕರೆದು ತನ್ನ ಬಗ್ಗೆ ಕೇಳುತ್ತದೆ. ಒಳ್ಳೆಯದು ಅಂತ ಉತ್ತರ ಬಂದರೆ ಕೇಡು ಮಾಡುತ್ತದೆ, ಕೆಟ್ಟದ್ದು ಅಂತ ಬಂದರೆ ಸುಮ್ಮನೆ ನಿಲ್ಲುತ್ತದೆ. ಪರೀಕ್ಷಕ ಏನು ಹೇಳಿದರೂ ತಪ್ಪೇ. ಹಾಗಾಗಿ ಎಲ್ಲ ವೈರಸ್ಸನ್ನೂ ಹಿಡಿಯುವ ಆಂಟಿವೈರಸ್, ಎಲ್ಲ ಬಗ್ಗನ್ನೂ ಹುಡುಕುವ ಟೂಲ್ ಯಾವ ಕಂಪನಿಯವರೂ ಮಾಡಲಾರರು. ಬುದ್ಧಿ ಸಾಲದೆ ಅಲ್ಲ, ತರ್ಕವೇ ಬಿಡುವುದಿಲ್ಲ. ಅಪ್‌ಡೇಟ್ ಬರುವುದು ಒಂದು ದಿನ ಪೂರ್ತಿ ನಿಂತುಹೋಗುತ್ತೆ ಅಂತ ಕಾಯುತ್ತಿರುವವರಿಗೆ ಇದು ಬೇಸರದ ಸುದ್ದಿ.

ಅದೇ ಪ್ರಬಂಧದಲ್ಲಿ ಇನ್ನೊಂದು ವಿಚಾರವೂ ಇತ್ತು. ಬೇರೆ ಯಾವ ಯಂತ್ರದ ವಿವರವನ್ನಾದರೂ ಟೇಪಿನ ಮೇಲೆ ಬರೆದುಕೊಟ್ಟರೆ ಅದರಂತೆಯೇ ನಡೆದುಕೊಳ್ಳುವ ಸಾರ್ವತ್ರಿಕ ಯಂತ್ರ. ಅಂದರೆ ಪ್ರೋಗ್ರಾಮ್ ಕೂಡ ಒಂದು ಬಗೆಯ ಡೇಟಾ. ನಮ್ಮ ಫೋನಿನಲ್ಲಿ ಹೊಸ ಆ್ಯಪ್ ಹಾಕಿಕೊಳ್ಳಲು ಆಗುವುದು ಇದರಿಂದ. ಡೇಟಾ ಅಂತ ಒಳಗೆ ಬಿಟ್ಟಿದ್ದು ಪ್ರೋಗ್ರಾಮಿನ ಹಾಗೆ ಓಡಿ ಅವಾಂತರ ಮಾಡುವುದೂ ಇದರಿಂದಲೇ. ಈ ಎಳೆಯನ್ನು ಮುಂದೆ ಮತ್ತೆ ಹಿಡಿಯೋಣ.

159ರ ಮುಂದೆ 18 ಸೊನ್ನೆ

ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಅಲೊಂಜೊ ಚರ್ಚ್ ಅವರ ಕೈಕೆಳಗೆ 1938ರಲ್ಲಿ ಪಿಎಚ್‌ಡಿ ಮುಗಿಸಿ ಟ್ಯೂರಿಂಗ್ ಊರಿಗೆ ಮರಳಿದರು. ಮರುವರ್ಷ ಸೆಪ್ಟೆಂಬರ್ 3ಕ್ಕೆ ಬ್ರಿಟನ್ ಯುದ್ಧ ಸಾರಿತು. 4ಕ್ಕೆ ಅವರು ಬ್ಲೆಚ್ಲಿ ಪಾರ್ಕಿನಲ್ಲಿ ಹಾಜರ್. ಎದುರಿಗಿದ್ದದ್ದು ಜರ್ಮನ್ನರ ಎನಿಗ್ಮಾ.

ನೋಡೋಕೆ ಟೈಪ್‌ರೈಟರ್. ಒಂದು ಅಕ್ಷರ ಒತ್ತಿದರೆ ಬೇರೆ ಅಕ್ಷರದ ದೀಪ ಹೊತ್ತಿಕೊಳ್ಳುತ್ತದೆ. ಒಳಗೆ ಐದರಲ್ಲಿ ಆರಿಸಿದ ಮೂರು ಚಕ್ರಗಳು. ಅವುಗಳನ್ನು ಜೋಡಿಸುವ ಬಗೆ 60, ತಿರುಗಿಸಿಡುವ ಸ್ಥಾನಗಳು 17,576, ಮುಂದಿನ ಪ್ಲಗ್‌ಬೋರ್ಡಿನಲ್ಲಿ 10 ವೈರು ಸಿಕ್ಕಿಸುವ ಬಗೆ ಸುಮಾರು 150 ಲಕ್ಷ ಕೋಟಿ. ಎಲ್ಲ ಗುಣಿಸಿದರೆ 159ರ ಮುಂದೆ 18 ಸೊನ್ನೆ ಇಟ್ಟಷ್ಟು. ಇಷ್ಟು ದೊಡ್ಡ ಸಂಖ್ಯೆಯನ್ನು ನೋಡಿಯೇ ಜರ್ಮನ್ನರು ನಿಶ್ಚಿಂತೆಯಿಂದಿದ್ದರು.

ಆದರೆ ಈ ಗೋಡೆಯಲ್ಲಿ ಪೋಲೆಂಡಿನವರು ಆಗಲೇ ಕಿಂಡಿ ಕೊರೆದಿದ್ದರು. ಜರ್ಮನ್ನರು ಪ್ರತಿ ಸಂದೇಶದ ಮೂರಕ್ಷರದ ಕೀಲಿಯನ್ನು ತಪ್ಪಾಗದಿರಲಿ ಅಂತ ಎರಡು ಸಲ ಗುಪ್ತಲಿಪಿಗೆ ಹಾಕಿ ಕಳಿಸುತ್ತಿದ್ದರು. ಆ ಎರಡನೇ ಸಲವೇ ಕಿಂಡಿ. ಮರಿಯಾನ್ ರೆಯೆವ್ಸ್ಕಿ, ಯೆಝಿ ರುಝಿಟ್ಸ್ಕಿ, ಹೆನ್ರಿಕ್ ಝಿಗಾಲ್ಸ್ಕಿ ಎಂಬ ಮೂವರು ಗಣಿತಜ್ಞರು ಅದರ ಮೂಲಕ ಒಳಗೆ ಇಣುಕಿದ್ದರು. 1939ರ ಜುಲೈನಲ್ಲಿ, ತಮ್ಮ ದೇಶದ ಮೇಲೆ ದಾಳಿ ಆಗಲು ಕೆಲವೇ ವಾರ ಇರುವಾಗ, ಗೊತ್ತಿದ್ದನ್ನೆಲ್ಲ ಬ್ರಿಟಿಷರಿಗೂ ಫ್ರೆಂಚರಿಗೂ ಹೇಳಿಕೊಟ್ಟರು. ಟ್ಯೂರಿಂಗ್ ಒಬ್ಬರೇ ಎನಿಗ್ಮಾ ಒಡೆದರು ಅನ್ನುವ ಸಿನಿಮಾ ಕಥೆ ಅಷ್ಟು ಸರಿಯಲ್ಲ.

ಟ್ಯೂರಿಂಗ್ ಅವರ ದೂರದೃಷ್ಟಿ ಇರುವುದು ಮುಂದಿನ ಹೆಜ್ಜೆಯಲ್ಲಿ. ಈ ಎರಡು ಸಲದ ಅಭ್ಯಾಸವನ್ನು ಜರ್ಮನ್ನರು ಯಾವಾಗ ಬೇಕಾದರೂ ನಿಲ್ಲಿಸಬಹುದು, ಆಗ ಇದನ್ನೇ ನಂಬಿದ ಉಪಾಯಗಳೆಲ್ಲ ಮಣ್ಣುಪಾಲು ಅಂತ ಅವರಿಗೆ ಕಾಣಿಸಿತು. ಹಾಗಾಗಿ ಅವರು ಕಳಿಸುವವರ ಅಭ್ಯಾಸವನ್ನು ಬಿಟ್ಟು ಯಂತ್ರದ ಹುಟ್ಟುಗುಣವನ್ನು ಹಿಡಿದರು. ಎನಿಗ್ಮಾದೊಳಗೆ ಕರೆಂಟು ಚಕ್ರಗಳನ್ನು ದಾಟಿ, ತುದಿಯ ರಿಫ್ಲೆಕ್ಟರಿಗೆ ಬಡಿದು, ಅದೇ ಚಕ್ರಗಳ ಮೂಲಕ ಬೇರೆ ದಾರಿಯಲ್ಲಿ ವಾಪಸ್ ಬರುತ್ತದೆ. ಕಳಿಸುವುದಕ್ಕೂ ಓದುವುದಕ್ಕೂ ಒಂದೇ ಸೆಟ್ಟಿಂಗ್ ಸಾಕಾಗುವ ಅನುಕೂಲ ಇದರಿಂದ ಸಿಕ್ಕಿತು. ಆದರೆ ಯಾವ ಅಕ್ಷರವೂ ತಾನೇ ಆಗಿ ಹೊರಬರಲಾರದು ಅನ್ನುವ ದೋಷವೂ ಜೊತೆಗೇ ಬಂತು. ಬೆಳಗಿನ ಹವಾಮಾನ ವರದಿಯಲ್ಲಿ ಹವಾಮಾನ ಅನ್ನುವ ಪದ ಇರಲೇಬೇಕು ಅಂತ ಊಹಿಸಿ, ಅದನ್ನು ಗುಪ್ತಲಿಪಿಯ ಕೆಳಗೆ ಸರಿಸುತ್ತಾ ಹೋಗಿ. ಎಲ್ಲಿ ಒಂದಾದರೂ ಅಕ್ಷರ ಅದೇ ಅಕ್ಷರದ ಕೆಳಗೆ ಬರುತ್ತೋ ಆ ಜಾಗ ತಪ್ಪು. ಉಳಿದ ಜಾಗಗಳನ್ನು ಟ್ಯೂರಿಂಗ್ ವಿನ್ಯಾಸ ಮಾಡಿದ ಬಾಂಬ್ ಎಂಬ ಯಂತ್ರಕ್ಕೆ ಕೊಟ್ಟರೆ, ಅದು ಒಂದೊಂದೇ ಚಕ್ರದ ಸ್ಥಾನ ಹಿಡಿದು, ಪ್ಲಗ್‌ಬೋರ್ಡಿನ ಊಹೆಯಲ್ಲಿ ವಿರೋಧ ಕಂಡ ಕೂಡಲೇ ಅದನ್ನು ತಳ್ಳಿಹಾಕುತ್ತಿತ್ತು. ಆ 150 ಲಕ್ಷ ಕೋಟಿಯನ್ನು ಒಂದೊಂದಾಗಿ ಎಣಿಸುವ ಪ್ರಮೇಯವೇ ಬರಲಿಲ್ಲ.

ಮೊದಲ ಬಾಂಬ್ ಯಂತ್ರ ಬಂದದ್ದು 1940ರ ಮಾರ್ಚಿನಲ್ಲಿ. ಮೇ 1ಕ್ಕೆ ಜರ್ಮನಿಯ ಭೂಸೇನೆ ಮತ್ತು ವಾಯುಪಡೆ ಕೀಲಿಯನ್ನು ಎರಡು ಸಲ ಕಳಿಸುವುದನ್ನು ನಿಲ್ಲಿಸಿಯೇ ಬಿಟ್ಟವು. ಇಂದಿನ ಮಾತಲ್ಲಿ ಹೇಳುವುದಾದರೆ ಪ್ಯಾಚ್ ಬಂತು, ಹಳೆಯ ಕಿಂಡಿ ಮುಚ್ಚಿತು. ಆದರೆ ಟ್ಯೂರಿಂಗ್ ಹಿಡಿದಿದ್ದ ಕಿಂಡಿ ಡಿಸೈನಿನಲ್ಲೇ ಇತ್ತು. ಗಾರ್ಡನ್ ವೆಲ್ಚ್‌ಮನ್ ಸುಧಾರಿಸಿಕೊಟ್ಟ ಮೇಲೆ ಬಾಂಬ್ ಇನ್ನೂ ಚುರುಕಾಯಿತು. ಯುದ್ಧ ಮುಗಿಯುವ ಹೊತ್ತಿಗೆ ಇಂಥ 200ಕ್ಕೂ ಹೆಚ್ಚು ಯಂತ್ರಗಳು ಓಡುತ್ತಿದ್ದವು.

ಬ್ಲೆಚ್ಲಿಯಲ್ಲಿ ಅವರ ಬಗ್ಗೆ ಹುಟ್ಟಿದ ಕಥೆಗಳಿಗೆ ಲೆಕ್ಕವಿಲ್ಲ. ಕಾಫಿ ಮಗ್ ಯಾರೂ ಎತ್ತಿಕೊಂಡು ಹೋಗಬಾರದು ಅಂತ ರೇಡಿಯೇಟರಿಗೆ ಸರಪಳಿ ಹಾಕಿ ಬಿಗಿದಿದ್ದರಂತೆ. ಅವರ ಸೈಕಲ್ಲಿನ ಚೈನು ಆಗಾಗ ಕಳಚುತ್ತಿತ್ತಂತೆ. ರಿಪೇರಿ ಮಾಡಿಸುವ ಬದಲು ಎಷ್ಟು ಸುತ್ತಿಗೆ ಕಳಚುತ್ತೆ ಅಂತ ಎಣಿಸಿ, ಸರಿಯಾಗಿ ಅದಕ್ಕೆ ಮುಂಚೆ ಇಳಿದು ಸರಿಮಾಡಿಕೊಳ್ಳುತ್ತಿದ್ದರಂತೆ. ವರ್ಕ್‌ಅರೌಂಡ್ ಅಂದರೆ ಇದೇ ತಾನೆ.

ಹತ್ತು ತಿಂಗಳ ಕತ್ತಲೆ

ಟ್ಯೂರಿಂಗ್ ಅವರ ಹಟ್ 8ರ ಪಾಲಿಗೆ ಬಂದಿದ್ದು ಎಲ್ಲಕ್ಕಿಂತ ಕಠಿಣವಾದ ನೌಕಾಪಡೆಯ ಎನಿಗ್ಮಾ. ಅಟ್ಲಾಂಟಿಕ್ಕಿನಲ್ಲಿ ಜಲಾಂತರ್ಗಾಮಿಗಳು ಬ್ರಿಟನ್ನಿಗೆ ಊಟ, ಎಣ್ಣೆ ತರುವ ಹಡಗುಗಳನ್ನು ಮುಳುಗಿಸುತ್ತಿದ್ದವು. 1941ರಲ್ಲಿ ಜರ್ಮನ್ ಹಡಗುಗಳಿಂದ ವಶಪಡಿಸಿಕೊಂಡ ಕಾಗದಪತ್ರ ಮತ್ತು ಟ್ಯೂರಿಂಗ್ ಕಟ್ಟಿದ ಸಂಭವನೀಯತೆಯ ಲೆಕ್ಕ ಎರಡೂ ಸೇರಿ ಆ ಸಂದೇಶಗಳು ಓದಲು ಸಿಕ್ಕವು. ಜಲಾಂತರ್ಗಾಮಿ ಪಡೆಯ ಮುಖ್ಯಸ್ಥ ಡೋನಿಟ್ಜ್‌ಗೆ ಅನುಮಾನ ಬಂದಿತ್ತು. ಅವನ ತಜ್ಞರು ಎನಿಗ್ಮಾ ಭದ್ರವಾಗಿದೆ ಅಂತಲೇ ವರದಿ ಕೊಟ್ಟರು. ಆದರೂ 1942ರ ಫೆಬ್ರವರಿ 1ರಂದು ಅಟ್ಲಾಂಟಿಕ್ ಜಲಾಂತರ್ಗಾಮಿಗಳ ಎನಿಗ್ಮಾಗೆ ನಾಲ್ಕನೇ ಚಕ್ರ ಬಂತು. ಬ್ಲೆಚ್ಲಿಗೆ ಹತ್ತು ತಿಂಗಳು ಕತ್ತಲೆ.

ಆ ವರ್ಷ ಅಕ್ಟೋಬರ್ 30ರ ರಾತ್ರಿ ಮೆಡಿಟರೇನಿಯನ್ನಿನಲ್ಲಿ ಯು-559 ಎಂಬ ಜಲಾಂತರ್ಗಾಮಿ ಮುಳುಗುತ್ತಿತ್ತು. ಬ್ರಿಟಿಷ್ ಹಡಗಿನ ಆಂಥನಿ ಫಾಸನ್, ಕಾಲಿನ್ ಗ್ರೇಜಿಯರ್ ಅದರೊಳಗೆ ಇಳಿದು ಕೋಡ್ ಪುಸ್ತಕಗಳನ್ನು ಮೇಲಕ್ಕೆ ಕೊಟ್ಟರು. ತೆಗೆದುಕೊಂಡವನು ಟಾಮಿ ಬ್ರೌನ್ ಎಂಬ ಹದಿಹರೆಯದ ಕ್ಯಾಂಟೀನ್ ಹುಡುಗ. ಅವನು ಬದುಕಿದ. ಒಳಗಿದ್ದ ಇಬ್ಬರೂ ಜಲಾಂತರ್ಗಾಮಿಯ ಜೊತೆಗೇ ಮುಳುಗಿಹೋದರು.

ಆ ಪುಸ್ತಕಗಳು ಬ್ಲೆಚ್ಲಿಗೆ ತಲುಪಿದ ಮೇಲೆ ಹೊಸ ಕಿಂಡಿ ಕಂಡಿತು. ಹಳೆಯ ಮೂರು ಚಕ್ರದ ಯಂತ್ರಗಳ ಜೊತೆಗೂ ಮಾತಾಡಲು ಬರಬೇಕಲ್ಲ ಅಂತ ನಾಲ್ಕನೇ ಚಕ್ರಕ್ಕೆ ಒಂದು ತಟಸ್ಥ ಸ್ಥಾನ ಕೊಟ್ಟಿದ್ದರು. ಪುಟ್ಟ ಹವಾಮಾನ ವರದಿಗಳನ್ನು ಆ ಸ್ಥಾನದಲ್ಲೇ ಕಳಿಸುತ್ತಿದ್ದರು. ಅಲ್ಲಿಗೆ ಹೊಸ ಯಂತ್ರ ಹಳೆಯ ಯಂತ್ರವೇ ಆಗಿಬಿಡುತ್ತಿತ್ತು. ಡಿಸೆಂಬರ್ 13ರಂದು ಸಂದೇಶಗಳು ಮತ್ತೆ ತೆರೆದುಕೊಂಡವು. ಟ್ಯೂರಿಂಗ್ ಆಗ ಅಮೆರಿಕದಲ್ಲಿದ್ದರು. ಹಟ್ 8ರ ಹೊಣೆ ಹ್ಯೂ ಅಲೆಕ್ಸಾಂಡರ್ ಅವರ ಕೈಗೆ ಬಂದಿತ್ತು.

ಹಳೆಯದಕ್ಕೆ ಹೊಂದಿಕೊಳ್ಳಲಿ ಅಂತ ಬಿಟ್ಟ ದಾರಿಯಲ್ಲೇ ಕಳ್ಳ ಬರುವುದು ಇಂದಿಗೂ ನಿಂತಿಲ್ಲ. 2017ರ ಮೇ 12ರಂದು ವಾನಾಕ್ರೈ ಹರಡಿದ್ದು ವಿಂಡೋಸ್‌ನಲ್ಲಿ ಉಳಿಸಿಕೊಂಡಿದ್ದ ಎಸ್‌ಎಂಬಿಯ ಹಳೆಯ ಮೊದಲ ಆವೃತ್ತಿಯ ಮೂಲಕ. ಮೈಕ್ರೋಸಾಫ್ಟ್ ಅದಕ್ಕೆ ಪ್ಯಾಚ್ ಕೊಟ್ಟಿದ್ದು ಮಾರ್ಚ್ 14ಕ್ಕೆ. ಹತ್ತಿರ ಹತ್ತಿರ ಎರಡು ತಿಂಗಳು ಸಮಯವಿತ್ತು. ಹಾಕಿಕೊಳ್ಳದ ಕಂಪ್ಯೂಟರುಗಳು ಎಷ್ಟೋ ದೇಶಗಳಲ್ಲಿ ಇದ್ದವು. ಟ್ಯೂರಿಂಗ್ ಅವರ ಬ್ರಿಟನ್ನಿನಲ್ಲೇ ಆಸ್ಪತ್ರೆಗಳು ರೋಗಿಗಳ ಅಪಾಯಿಂಟ್‌ಮೆಂಟು ರದ್ದು ಮಾಡಬೇಕಾಯಿತು.

ಹೂತಿಡು, ಅಗೆದು ತೆಗೆ

ಯುದ್ಧ ಮುಗಿದ ಮೇಲೆ ಟ್ಯೂರಿಂಗ್ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿ ಸೇರಿ ಎಸಿಇ ಎಂಬ ಕಂಪ್ಯೂಟರಿನ ಪೂರ್ತಿ ವಿನ್ಯಾಸ ಬರೆದರು. ಅದರಲ್ಲಿ ಒಂದು ಚಿಕ್ಕ ಸಮಸ್ಯೆ. ಒಂದು ಪ್ರೋಗ್ರಾಮು ಇನ್ನೊಂದು ಸಬ್‌ರೂಟೀನನ್ನು ಕರೆದರೆ, ಕೆಲಸ ಮುಗಿದ ಮೇಲೆ ವಾಪಸ್ ಎಲ್ಲಿಗೆ ಬರಬೇಕು ಅಂತ ನೆನಪಿಡುವುದು ಹೇಗೆ? ವಾಪಸ್ ಬರುವ ವಿಳಾಸವನ್ನು ಮೆಮೊರಿಯಲ್ಲಿ ಹೂತಿಡುವುದು, ಮುಗಿದ ಮೇಲೆ ಅಗೆದು ತೆಗೆಯುವುದು. ಅವರು ಇಟ್ಟ ಹೆಸರೂ ಅದೇ ಅರ್ಥದ್ದು: ಬರಿ ಮತ್ತು ಅನ್‌ಬರಿ. ಡೇಟಾ ಸ್ಟ್ರಕ್ಚರ್ಸ್ ಕ್ಲಾಸಿನಲ್ಲಿ ನಾವು ಪುಶ್, ಪಾಪ್ ಅನ್ನುತ್ತೇವಲ್ಲ, ಆ ಸ್ಟ್ಯಾಕ್.

ಈಗ ಆ ಹಳೆಯ ಎಳೆಗೆ ಬರೋಣ. ಡೇಟಾ, ಪ್ರೋಗ್ರಾಮ್ ಎರಡೂ ಒಂದೇ ಮೆಮೊರಿಯಲ್ಲಿ. ವಾಪಸ್ ಬರುವ ವಿಳಾಸವೂ ಅಲ್ಲೇ ಪಕ್ಕದಲ್ಲಿ. 1988ರ ನವೆಂಬರ್ 2ರಂದು ಹೊರಬಿದ್ದ ಮಾರಿಸ್ ವರ್ಮ್ ಬಳಸಿಕೊಂಡ ದಾರಿಗಳಲ್ಲಿ ಒಂದು ಇದು. ಯುನಿಕ್ಸ್ ಯಂತ್ರಗಳ ಫಿಂಗರ್ ಎಂಬ ಸೇವೆ 512 ಬೈಟಿನ ಜಾಗದಲ್ಲಿ, ಬಂದದ್ದರ ಉದ್ದ ನೋಡದ ಗೆಟ್ಸ್ ಫಂಕ್ಷನ್ ಬಳಸಿ ಓದುತ್ತಿತ್ತು. ವರ್ಮ್ ಕಳಿಸಿದ್ದು 536 ಬೈಟು. ಹೆಚ್ಚಾಗಿದ್ದು ತುಳುಕಿ, ಹೂತಿಟ್ಟ ವಿಳಾಸದ ಮೇಲೆ ಬಿದ್ದು ಅದನ್ನು ಬದಲಿಸಿತು. ವಾಪಸ್ ಹೋಗಬೇಕಾದ ಪ್ರೋಗ್ರಾಮು ಕಳ್ಳನ ಮನೆಗೆ ಹೋಯಿತು.

ಇದಕ್ಕೆ ಮದ್ದುಗಳು ಒಂದೊಂದಾಗಿ ಬಂದವು. ವಿಳಾಸದ ಮುಂದೆ ಒಂದು ಕಾವಲು ಸಂಖ್ಯೆ ಇಟ್ಟು, ಅದು ಬದಲಾಗಿದ್ದರೆ ಪ್ರೋಗ್ರಾಮನ್ನು ಅಲ್ಲೇ ನಿಲ್ಲಿಸುವುದು ಒಂದು. ಸ್ಟ್ಯಾಕಿನಲ್ಲಿ ಬಿದ್ದದ್ದನ್ನು ಓಡಿಸಬೇಡ ಅಂತ ಪ್ರೊಸೆಸರಿಗೇ ಹೇಳುವ ಬಿಟ್ ಇನ್ನೊಂದು. 2004ರಲ್ಲಿ ವಿಂಡೋಸ್ ಎಕ್ಸ್‌ಪಿಯ ಎರಡನೇ ಸರ್ವಿಸ್ ಪ್ಯಾಕ್ ಇದನ್ನು ತಂದಿತು. ಮೆಮೊರಿಯ ಜಾಗಗಳನ್ನು ಪ್ರತಿ ಸಲ ಅದಲುಬದಲು ಮಾಡುವುದು ಮತ್ತೊಂದು. ದಾಳಿಕೋರರು ಸುಮ್ಮನಿರಲಿಲ್ಲ. ಹೊಸ ಕೋಡು ತರೋಕೆ ಆಗದಿದ್ದರೆ, ಒಳಗೆ ಆಗಲೇ ಇರುವ ಕೋಡಿನ ತುಣುಕುಗಳನ್ನೇ ಪೋಣಿಸಿ ಕೆಲಸ ಸಾಧಿಸಿಕೊಂಡರು. ಸಿ ಭಾಷೆಯ ಸ್ಟ್ಯಾಂಡರ್ಡು ಗೆಟ್ಸ್ ಫಂಕ್ಷನ್ನನ್ನು ಪೂರ್ತಿ ತೆಗೆದುಹಾಕಿದ್ದು 2011ರಲ್ಲಿ. ವರ್ಮ್ ಬಂದು ಹೋಗಿ 23 ವರ್ಷ ಆದ ಮೇಲೆ!

ಎಸಿಇ ಕೆಲಸ ತೆವಳುತ್ತಿತ್ತು. ಟ್ಯೂರಿಂಗ್ ಬೇಸತ್ತರು. ಆ ಕಾಲದಲ್ಲೇ ಓಟದ ಹುಚ್ಚು ಹತ್ತಿತ್ತು: 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷ 3 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದರು. 1948ರಲ್ಲಿ ಲ್ಯಾಬ್ ಬಿಟ್ಟು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. 1949ರ ಜೂನ್‌ನಲ್ಲಿ ಕೇಂಬ್ರಿಜ್‌ನ ಒಂದು ಸಮ್ಮೇಳನದಲ್ಲಿ ಚಿಕ್ಕದೊಂದು ಪ್ರಬಂಧ ಓದಿದರು. ದೊಡ್ಡ ಪ್ರೋಗ್ರಾಮು ಸರಿಯಿದೆ ಅಂತ ಪರೀಕ್ಷಿಸುವುದು ಹೇಗೆ ಅನ್ನುವುದು ವಿಷಯ. ಬರೆದವರು ಅಲ್ಲಲ್ಲಿ, ಈ ಹಂತದಲ್ಲಿ ಇಂಥದ್ದು ನಿಜವಾಗಿರಬೇಕು ಅಂತ ಬರೆದಿಡಬೇಕು. ಪರೀಕ್ಷಿಸುವವರು ಒಂದೊಂದು ತುಂಡನ್ನು ಬೇರೆಬೇರೆಯಾಗಿ ನೋಡಿದರೆ ಪೂರ್ತಿ ಪ್ರೋಗ್ರಾಮು ಸರಿಯೆಂದು ಸಿದ್ಧವಾಗುತ್ತದೆ. ಉದಾಹರಣೆಗೆ ತೆಗೆದುಕೊಂಡದ್ದು ನಾವು ಮೊದಲ ವರ್ಷದ ಲ್ಯಾಬಿನಲ್ಲಿ ಬರೆಯುವ ಫ್ಯಾಕ್ಟೋರಿಯಲ್. ಎಲ್ಲ ಪ್ರೋಗ್ರಾಮಿಗೂ ಒಂದೇ ಮದ್ದಿಲ್ಲ ಅಂತ 24ನೇ ವಯಸ್ಸಿನಲ್ಲೇ ತೋರಿಸಿದ್ದವರು, ನಿಮ್ಮ ಒಂದು ಪ್ರೋಗ್ರಾಮಿಗೆ ನೀವೇ ಶ್ರಮಪಟ್ಟು ಸಾಕ್ಷ್ಯ ಕಟ್ಟಬಹುದು ಅಂತಲೂ ತೋರಿಸಿದರು. 2009ರಲ್ಲಿ ಎಸ್‌ಇಎಲ್4 ಎಂಬ ಆಪರೇಟಿಂಗ್ ಸಿಸ್ಟಮ್ ಕರ್ನಲ್ಲಿನ ಸುಮಾರು 8,700 ಸಾಲಿನ ಸಿ ಕೋಡು ತನ್ನ ವಿವರಣೆಗೆ ತಕ್ಕಂತೆ ನಡೆಯುತ್ತೆ ಅಂತ ಗಣಿತದಿಂದ ಸಾಧಿಸಿದರಲ್ಲ, ಆ ದಾರಿಯ ಮೊದಲ ಮೈಲಿಗಲ್ಲುಗಳಲ್ಲಿ ಈ ಪ್ರಬಂಧವೂ ಒಂದು.

ಕಾನೂನಿನ ಏಟು

1951ರಲ್ಲಿ ರಾಯಲ್ ಸೊಸೈಟಿಯ ಫೆಲೋ. ಯಂತ್ರಗಳಿಗೆ ಯೋಚನೆ ಸಾಧ್ಯವೇ ಅನ್ನುವ ಪ್ರಬಂಧ ಆಗಲೇ ಹೆಸರು ಮಾಡಿತ್ತು. 1952ರ ಜನವರಿಯಲ್ಲಿ ಮನೆಯಲ್ಲಿ ಕಳ್ಳತನ ಆಯಿತು. ಟ್ಯೂರಿಂಗ್ ಪೊಲೀಸರಿಗೆ ದೂರು ಕೊಟ್ಟರು. ವಿಚಾರಣೆಯಲ್ಲಿ ತಮಗೆ ಒಬ್ಬ ಯುವಕನ ಜೊತೆ ಸಂಬಂಧವಿದ್ದದ್ದನ್ನು ಮುಚ್ಚಿಡದೆ ಹೇಳಿದರು. ಕಳ್ಳತನದ ಕೇಸು ಹಿಂದೆ ಸರಿಯಿತು, ದೂರು ಕೊಟ್ಟವರೇ ಆರೋಪಿಯಾದರು. 1885ರ ಕಾಯ್ದೆಯ ಪ್ರಕಾರ ಅದು ಅಪರಾಧ. ಜೈಲು ತಪ್ಪಿಸಿಕೊಳ್ಳಲು ಒಂದು ವರ್ಷ ಹಾರ್ಮೋನ್ ಚಿಕಿತ್ಸೆಗೆ ಒಪ್ಪಬೇಕಾಯಿತು. ಸರ್ಕಾರದ ಗುಪ್ತ ಕೆಲಸಕ್ಕೆ ಇದ್ದ ಅನುಮತಿ ಹೋಯಿತು. ಯುದ್ಧದಲ್ಲಿ ಮಾಡಿದ್ದನ್ನು ಕೋರ್ಟಿನಲ್ಲಿ ಬಿಡಿಸಿ ಹೇಳುವಂತೆಯೂ ಇರಲಿಲ್ಲ, ಎಲ್ಲ ರಹಸ್ಯ.

1954ರ ಜೂನ್ 7ರಂದು ಟ್ಯೂರಿಂಗ್ ಸಯನೈಡಿನಿಂದ ತೀರಿಕೊಂಡರು. ವಯಸ್ಸು 41. ವಿಚಾರಣೆ ಆತ್ಮಹತ್ಯೆ ಅಂದಿತು. ಪ್ರಯೋಗ ಮಾಡುವಾಗ ಆದ ಅವಘಡ ಅಂತಲೇ ತಾಯಿ ನಂಬಿದ್ದರು. ಬ್ಲೆಚ್ಲಿಯ ಕೆಲಸ ಜನಕ್ಕೆ ಗೊತ್ತಾಗಿದ್ದು 1970ರ ದಶಕದಲ್ಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಅನ್ನೋ ಗಾದೆ ನಮ್ಮಲ್ಲಿದೆ. ಬ್ರಿಟನ್ನಿನ ಪ್ರಧಾನಿ ಕ್ಷಮೆ ಕೇಳಿದ್ದು 2009ರಲ್ಲಿ, ರಾಣಿಯ ಕ್ಷಮಾದಾನ ಬಂದಿದ್ದು 2013ರ ಡಿಸೆಂಬರ್ 24ಕ್ಕೆ. ಅದೇ ತರಹದ ಕಾನೂನುಗಳಲ್ಲಿ ಶಿಕ್ಷೆಗೊಳಗಾದ, ತೀರಿಕೊಂಡ ಸಾವಿರಾರು ಮಂದಿಗೂ ಕ್ಷಮೆ ಸಿಗುವಂತಾಗಿದ್ದು 2017ರಲ್ಲಿ. ಜೂಲಿಯಸ್ ಟ್ಯೂರಿಂಗ್ ಬಳ್ಳಾರಿಯಲ್ಲಿ ಇದ್ದಾಗ ಇಲ್ಲಿ ಜಾರಿಯಲ್ಲಿದ್ದ, ಬ್ರಿಟಿಷರೇ 1860ರಲ್ಲಿ ಬರೆದ ದಂಡಸಂಹಿತೆಯ 377ನೇ ಕಲಂ ವಯಸ್ಕರ ಒಪ್ಪಿತ ಸಂಬಂಧಕ್ಕೆ ಅನ್ವಯಿಸುವುದಿಲ್ಲ ಅಂತ ನಮ್ಮ ಸುಪ್ರೀಂ ಕೋರ್ಟ್ ಹೇಳಿದ್ದು 2018ರ ಸೆಪ್ಟೆಂಬರ್ 6ಕ್ಕೆ.

ಕಂಪ್ಯೂಟರ್ ಲೋಕ 1966ರಿಂದ ಟ್ಯೂರಿಂಗ್ ಹೆಸರಿನಲ್ಲಿ ತನ್ನ ಅತಿ ದೊಡ್ಡ ಪ್ರಶಸ್ತಿ ಕೊಡುತ್ತಿದೆ. ಯುನಿಕ್ಸ್ ಕಟ್ಟಿದ ಕೆನ್ ಥಾಮ್ಸನ್ ಆ ಪ್ರಶಸ್ತಿಯ ಭಾಷಣದಲ್ಲಿ, ಕಂಪೈಲರೊಳಗೇ ಒಂದು ಕಳ್ಳಬಾಗಿಲು ಅಡಗಿಸಿಟ್ಟರೆ ಪ್ರೋಗ್ರಾಮಿನ ಮೂಲ ಕೋಡನ್ನು ಎಷ್ಟು ಓದಿದರೂ ಅದು ಕಾಣುವುದಿಲ್ಲ ಅಂತ ತೋರಿಸಿದರು. 159ರ ಮುಂದಿನ 18 ಸೊನ್ನೆಯನ್ನು ನಂಬಿ ಕೂತವರಿಗೆ ಏನಾಯಿತು ಅಂತ ಗೊತ್ತಿದ್ದರೆ ಈ ಮಾತು ಹೊಸದೇನಲ್ಲ. ಈ ಸೆಮಿಸ್ಟರ್ ಟ್ಯೂರಿಂಗ್ ಮಶೀನಿನ ಪ್ರಶ್ನೆ ಬಂದರೆ ಹತ್ತು ಮಾರ್ಕಿಗೆ ಬೇಕಾದಷ್ಟು ಖಂಡಿತ ಬರೆಯೋಣ. ಹಾಗೇ, ರೀಸ್ಟಾರ್ಟ್ ಮಾಡಿ ಅಂತ ಕಾಯುತ್ತಿರುವ ಆ ಅಪ್‌ಡೇಟನ್ನು ಇವತ್ತು ರಾತ್ರಿಯೇ ಹಾಕಿಬಿಡೋಣ.